ಮುಂಬೈಗೆ ಕಲಾ ಪ್ರವಾಸ: ಬಿಸಿಲು ನೋಡಿ ದಿನದ ಲೆಕ್ಕ ಹಾಕಿ

ಕಲಾ ಶಾಲೆಯ ವಿದ್ಯಾರ್ಥಿಗಳು ಸ್ಟಡಿ ಟೂರ್ ಅಂತ ಮುಂಬೈಗೆ ಹೋದರೆ ಸಾಮಾನ್ಯವಾಗಿ ಓಡಾಟವೇ ಜಾಸ್ತಿ. ಫೋಟೊಗಳು ರಾಶಿ ಬೀಳುತ್ತವೆ. ಊರಿಗೆ ಬಂದ ಮೇಲೆ ಯಾವ ಕಟ್ಟಡ ಯಾವುದು ಅಂತಲೇ ನೆನಪಿರುವುದಿಲ್ಲ. ಹಾಗಾಗಿ ಊರೆಲ್ಲ ಸುತ್ತುವುದು ಬೇಡ. ದಕ್ಷಿಣ ಮುಂಬೈಯ ಕೆಲವೇ ಜಾಗ ಆರಿಸಿಕೊಳ್ಳಿ. ಒಂದೊಂದನ್ನೂ ಸರಿಯಾದ ಬೆಳಕಿನಲ್ಲಿ, ಸಾವಧಾನವಾಗಿ ನೋಡಿ. ನಾಲ್ಕು ದಿನ ಸಾಕು.

ಹೊರಡುವ ಮೊದಲು

ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಕ್ಯಾಮೆರಾ ಕಾಪಾಡುವುದೇ ಒಂದು ಕೆಲಸವಾಗುತ್ತದೆ. ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗುವ ದೋಣಿಗಳೂ ಎಷ್ಟೋ ದಿನ ನಿಲ್ಲುತ್ತವೆ. ಕಾಲಾ ಘೋಡಾ ಕಲಾ ಉತ್ಸವದ ಸಮಯಕ್ಕೆ ಹೋದರೆ ನೋಡಲು ಬೇಕಾದಷ್ಟು ಇರುತ್ತದೆ. ಆದರೆ ಆ ಜನಜಂಗುಳಿಯಲ್ಲಿ ಕಟ್ಟಡದ ಫೋಟೊ ತೆಗೆಯುವುದು ಕಷ್ಟ.

ವಾರದ ರಜೆಗಳನ್ನು ಗುರುತು ಹಾಕಿಕೊಳ್ಳಿ. ಎಲಿಫೆಂಟಾ ಮತ್ತು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ. ಬೈಕುಲಾದ ಭಾವು ದಾಜಿ ಲಾಡ್ ಮ್ಯೂಸಿಯಂಗೆ ಬುಧವಾರ ರಜೆ. ಸೋಮವಾರವನ್ನು ಬೀದಿಗೆ ಇಟ್ಟುಕೊಂಡರೆ ಆಯಿತು.

ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಯಾರು, ಎಷ್ಟು ಜನ, ಏನು ಓದುತ್ತಿದ್ದೀರಿ, ಫೋಟೊ ಯಾತಕ್ಕೆ ಅನ್ನುವುದು ಅದರಲ್ಲಿ ಇರಲಿ. ಸರ್ ಜೆ.ಜೆ. ಕಲಾ ಶಾಲೆಯ ಒಳಗೆ ಹೋಗಬೇಕೆಂದರೆ ಮುಂಚೆಯೇ ಬರೆದು ಅನುಮತಿ ಕೇಳಿ. ಬೀದಿಯಲ್ಲಿ ಪೊಲೀಸರು ವಿಚಾರಿಸಿದಾಗಲೂ ಈ ಪತ್ರ ಕೈ ಹಿಡಿಯುತ್ತದೆ.

ಸಾಮಾನು ಕಡಿಮೆ ಇರಲಿ. ಒಂದು ಕ್ಯಾಮೆರಾ, ಒಂದೇ ಲೆನ್ಸ್, ಎರಡು ಮೆಮೊರಿ ಕಾರ್ಡ್, ಅಂಗೈಗಿಂತ ಸ್ವಲ್ಪ ದೊಡ್ಡ ಸ್ಕೆಚ್ ಪುಸ್ತಕ, ಪೆನ್ಸಿಲ್. ಮೊಬೈಲ್ ಕ್ಯಾಮೆರಾ ಇದ್ದರೂ ನಡೆಯುತ್ತದೆ. ಟ್ರೈಪಾಡ್ ಬಿಟ್ಟು ಹೋಗಿ. ಅದನ್ನು ನೆಟ್ಟ ಕಡೆಯೆಲ್ಲ ಯಾರಾದರೂ ಬಂದು ತಡೆಯುತ್ತಾರೆ.

ಓವಲ್ ಮೈದಾನದಲ್ಲಿ ಒಂದು ಇಡೀ ದಿನ

ನನ್ನ ಪ್ರಕಾರ ಬೆಳಕಿನ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಮುಂಬೈಯಲ್ಲಿ ಇಲ್ಲ. ಮೈದಾನದ ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗಡಿಯಾರ ಗೋಪುರ ಇವೆ. ಎಲ್ಲವೂ ಗೋಥಿಕ್ ಶೈಲಿಯ, ಅಂದರೆ ಚೂಪು ಕಮಾನು, ಎತ್ತರದ ಗೋಪುರಗಳ, ಕಲ್ಲಿನ ಕಟ್ಟಡಗಳು. ಪಶ್ಚಿಮಕ್ಕೆ 1930ರ ದಶಕದಿಂದ ಎದ್ದ ಆರ್ಟ್ ಡೆಕೊ ಮನೆಗಳ ಸಾಲು. ಎರಡು ಕಾಲ, ಎರಡು ಶೈಲಿ, ನಡುವೆ ಹುಡುಗರು ಕ್ರಿಕೆಟ್ ಆಡುವ ಬಯಲು. 2018ರಲ್ಲಿ ಯುನೆಸ್ಕೊ ಇವೆರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಳಗ್ಗೆ ಬಿಸಿಲು ಪೂರ್ವದಿಂದ ಬರುತ್ತದೆ, ಅಲ್ವಾ? ಆಗ ಆರ್ಟ್ ಡೆಕೊ ಮನೆಗಳ ಮುಖ ಬೆಳಗುತ್ತದೆ. ದುಂಡನೆಯ ಬಾಲ್ಕನಿ, ಕಿಟಕಿಯ ಮೇಲೆ ಉದ್ದಕ್ಕೆ ಚಾಚಿದ ಸಜ್ಜಾ, ಅದರ ಕೆಳಗಿನ ನೆರಳಿನ ಪಟ್ಟಿ ಎಲ್ಲವೂ ಬಿಡಿಸಿಟ್ಟ ಹಾಗೆ ಕಾಣುತ್ತವೆ. ಕಟ್ಟಡಗಳ ಹೆಸರು ಬರೆದ ಅಕ್ಷರಗಳನ್ನೂ ಗಮನಿಸಿ. ಡಿಸೈನ್ ಓದುವವರಿಗೆ ಅದೇ ಒಂದು ಪ್ರಾಜೆಕ್ಟ್ ಆಗುತ್ತದೆ. ಸಂಜೆ ನಾಲ್ಕರ ನಂತರ ಅದೇ ಮೈದಾನದಲ್ಲಿ ಹಿಂದಕ್ಕೆ ತಿರುಗಿ ನಿಲ್ಲಿ. ಈಗ ಪಶ್ಚಿಮದ ಬಿಸಿಲು ಗೋಪುರದ ಮೇಲೆ ಬಿದ್ದಿರುತ್ತದೆ. ಕಲ್ಲು ಹಳದಿಗೆ ತಿರುಗುತ್ತದೆ, ಕೆತ್ತನೆಯ ಆಳ ಕಾಣುತ್ತದೆ.

ಕ್ಯಾಮೆರಾ ತೆಗೆಯುವ ಮೊದಲು ಹತ್ತು ನಿಮಿಷ ಕೂತು ಗೆರೆ ಎಳೆಯಿರಿ. ಕಟ್ಟಡದ ಎತ್ತರ ಅಗಲದ ಅಳತೆ ಕೈಗೆ ಬಂದ ಮೇಲೆ ಫ್ರೇಮ್ ತಾನಾಗಿ ಸಿಗುತ್ತದೆ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಮೈದಾನದ ಆ ತುದಿಗೆ ಹೋಗಿ, ಕ್ಯಾಮೆರಾ ನೇರ ಹಿಡಿದು ತೆಗೆಯಿರಿ. ನಡು ಮಧ್ಯಾಹ್ನದ ಗಂಟೆಗಳು ಗ್ಯಾಲರಿಗೆ ಇರಲಿ.

ಗ್ಯಾಲರಿಯಲ್ಲಿ ಏನು ನೋಡಬೇಕು

ಜಹಾಂಗೀರ್ ಆರ್ಟ್ ಗ್ಯಾಲರಿ ಅಲ್ಲಿಂದ ನಡೆದು ಹೋಗುವಷ್ಟು ದೂರ. ಪ್ರವೇಶ ಉಚಿತ. 1952ರಲ್ಲಿ ಶುರುವಾದ ಇದರ ಹಿಂದೆ ನಮ್ಮವರ ಪಾತ್ರವೂ ಇದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮತ್ತು ವಿಜ್ಞಾನಿ ಹೋಮಿ ಭಾಭಾ ಒತ್ತಾಯಿಸಿದ್ದರಿಂದ ಸರ್ ಕಾವಸ್‌ಜಿ ಜಹಾಂಗೀರ್ ಇದನ್ನು ಕಟ್ಟಿಸಿದರು. ಹೆಬ್ಬಾರರು ಜೆ.ಜೆ.ಯಲ್ಲಿ ಓದಿ, ಅಲ್ಲೇ ಪಾಠವನ್ನೂ ಹೇಳಿದವರು. ಕರಾವಳಿಯಿಂದ ಬರುವ ವಿದ್ಯಾರ್ಥಿಗೆ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಪ್ರದರ್ಶನ ಇಟ್ಟ ಕಲಾವಿದರು ಬಹಳ ಸಲ ತಮ್ಮ ಚಿತ್ರಗಳ ಪಕ್ಕದಲ್ಲೇ ಕೂತಿರುತ್ತಾರೆ. ಸಂಕೋಚ ಬಿಟ್ಟು ಮಾತಾಡಿಸಿ. ‘ಇದರ ಅರ್ಥ ಏನು’ ಅನ್ನುವ ಬದಲು ಯಾವ ಬಣ್ಣ ಬಳಸಿದಿರಿ, ಮೊದಲ ಪದರ ಯಾವುದು, ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಯಿತು ಎಂದು ಕೇಳಿ. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿಯೇ ತೆಗೆಯಿರಿ.

ಪಕ್ಕದಲ್ಲೇ ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯ. ಅಲ್ಲಿನ ಶಿಲ್ಪಗಳಲ್ಲಿ ನಮ್ಮ ಐಹೊಳೆಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮನ ಫಲಕವನ್ನು ಹುಡುಕಿ ನೋಡಿ. ಗುಡಿಯಲ್ಲಿ ತಲೆ ಎತ್ತಿ ನೋಡಬೇಕಿದ್ದ ಶಿಲ್ಪ ಇಲ್ಲಿ ಕಣ್ಣೆದುರಿಗೇ ಇದೆ. ಅದಕ್ಕೆ ಒಂದು ಗಂಟೆ ಕೊಟ್ಟು ಸ್ಕೆಚ್ ಮಾಡಿದರೂ ಮ್ಯೂಸಿಯಂ ಟಿಕೆಟ್ಟಿನ ದುಡ್ಡು ಸಾರ್ಥಕ.

ಕೈಕೆಲಸದ ದಾರಿ

ಇನ್ನೊಂದು ದಿನ ಸಣ್ಣ ದಾರಿ. 1857ರಲ್ಲಿ ಶುರುವಾದ ಜೆ.ಜೆ. ಶಾಲೆ, ಪಕ್ಕದ ಕ್ರಾಫರ್ಡ್ ಮಾರ್ಕೆಟ್, ಆಮೇಲೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ನಿಲ್ದಾಣ. ಮಾರ್ಕೆಟ್ಟಿನ ಬಾಗಿಲ ಮೇಲಿನ ಉಬ್ಬು ಶಿಲ್ಪಗಳು ಜೆ.ಜೆ.ಯ ಶಿಕ್ಷಕ ಲಾಕ್‌ವುಡ್ ಕಿಪ್ಲಿಂಗ್ ಅವರವು. ನಿಲ್ದಾಣದ ಅಲಂಕಾರದಲ್ಲಿ ಆ ಶಾಲೆಯ ವಿದ್ಯಾರ್ಥಿಗಳು ದುಡಿದಿದ್ದಾರೆ. ನಿಮ್ಮದೇ ವಯಸ್ಸಿನವರ ಕೈಕೆಲಸ ಅದು. ಎಲೆ, ಹಕ್ಕಿ, ಪ್ರಾಣಿಗಳನ್ನು ಒಂದೊಂದಾಗಿ ಹುಡುಕಿ. ನಿಲ್ದಾಣದ ಮುಖ ಪಶ್ಚಿಮಕ್ಕಿದೆ. ಹಾಗಾಗಿ ಅದು ಸಂಜೆಯ ಕೆಲಸ.

ಎಲಿಫೆಂಟಾ

ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಮೊದಲ ದೋಣಿಗಳಲ್ಲೇ ಹೊರಡಿ. ಆದರೆ ಹಾದಿಯಲ್ಲಿ ಕಾಣುವ ನೌಕಾಪಡೆಯ ಹಡಗುಗಳತ್ತ ಕ್ಯಾಮೆರಾ ತಿರುಗಿಸಬೇಡಿ. ಗುಹೆಯೊಳಗೆ ಕತ್ತಲು ಜಾಸ್ತಿ, ಫ್ಲಾಶ್ ಹಾಕಿದರೆ ಶಿಲ್ಪ ಚಪ್ಪಟೆಯಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಿ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಕಂಬಕ್ಕೆ ಭುಜ ಕೊಡದೆ ಎರಡೂ ಮೊಣಕೈ ಮೈಗೆ ಒತ್ತಿ ಹಿಡಿಯಿರಿ. ಸುಮಾರು 6 ಮೀಟರ್ ಎತ್ತರದ ಮೂರು ಮುಖದ ಶಿವನ ಎದುರು ಪಕ್ಕದಿಂದ ಬರುವ ಬೆಳಕು ನಿಧಾನಕ್ಕೆ ಬದಲಾಗುತ್ತದೆ. ಅಲ್ಲೇ ಕಾಯಿರಿ. ಬಾದಾಮಿಯ ಗುಹೆಗಳನ್ನು ಮೊದಲೇ ನೋಡಿದ್ದರೆ ಹೋಲಿಕೆಗೆ ಅನುಕೂಲ. ಎರಡೂ ಸುಮಾರು 6ನೆಯ ಶತಮಾನದವು.

ಜನರ ಫೋಟೊ

ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಮನೆಯೂಟವನ್ನು ಕಚೇರಿಗಳಿಗೆ ಮುಟ್ಟಿಸುವ ಡಬ್ಬಾವಾಲಾಗಳು ಬುತ್ತಿ ಡಬ್ಬಿ ವಿಂಗಡಿಸುತ್ತಾರೆ. ಅವರಿಗೆ ಒಂದೊಂದು ನಿಮಿಷವೂ ಮುಖ್ಯ. ದಾರಿಗೆ ಅಡ್ಡ ನಿಲ್ಲಬೇಡಿ. ಷಟರ್ ವೇಗ ಸೆಕೆಂಡಿನ 1/250 ಇಟ್ಟು ದೂರದಿಂದ ಕೈಗಳ ಚಲನೆ ಹಿಡಿಯಿರಿ. ಹತ್ತಿರದ ಮುಖ ಬೇಕಾದರೆ ಕೇಳಿ. ಬೇಡ ಅಂದರೆ ಕ್ಯಾಮೆರಾ ಇಳಿಸಿ. ಬೀದಿಯಲ್ಲಿ ಮಲಗಿದವರ, ಸ್ನಾನ ಮಾಡುವವರ ಫೋಟೊ ಖಂಡಿತ ಬೇಡ. ನಿಮ್ಮ ಮಾರ್ಕ್ಸ್‌ಗಾಗಿ ಇನ್ನೊಬ್ಬರ ಮರ್ಯಾದೆ ತೆಗೆಯುವಂತಿಲ್ಲ.

ದಿನಾ ರಾತ್ರಿ

ಊಟ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಆದರೆ ಕನ್ನಡ ಮಾತೂ ಕಿವಿಗೆ ಬಿದ್ದೀತು. ರೂಮಿಗೆ ಬಂದ ಮೇಲೆ ಮಲಗುವ ಮೊದಲು ಫೋಟೊಗಳನ್ನು ಇನ್ನೊಂದು ಕಡೆಗೆ ಕಾಪಿ ಮಾಡಿ. ಆ ದಿನದ್ದರಲ್ಲಿ ಐದನ್ನು ಮಾತ್ರ ಆರಿಸಿ, ಜಾಗ, ಗಂಟೆ, ಬೆಳಕು ಬಂದ ದಿಕ್ಕನ್ನು ಸ್ಕೆಚ್ ಪುಸ್ತಕದಲ್ಲಿ ಬರೆಯಿರಿ. ಊರಿಗೆ ಬಂದು ಬರೆದರಾಯಿತು ಅಂತ ಬಿಡಬೇಡಿ. ವರದಿ ಕೊಡುವಾಗ ಪ್ರತಿ ಫೋಟೊದ ಪಕ್ಕ ಅದೇ ಜಾಗದ ಸ್ಕೆಚ್ ಅಂಟಿಸಿ. ಸ್ಕೆಚ್ ಇಲ್ಲದ ಫೋಟೊವನ್ನು ವರದಿಗೆ ಸೇರಿಸಬೇಡಿ.