ನಿಂತು ನೋಡಿ ಹಾರ್ನೆಸ್ ಕೊಳ್ಳಬೇಡಿ, ನೇತಾಡಿ ನೋಡಿ

ಬಂಡೆ ಹತ್ತುವವರು ಹಗ್ಗಕ್ಕೆ ಸೇರಿಕೊಳ್ಳಲು ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿಗಳ ಜೋಡಣೆಯೇ ಹಾರ್ನೆಸ್. ಅದನ್ನು ಕೊಳ್ಳಲು ಬಂದವರನ್ನು ಒಮ್ಮೆ ಗಮನಿಸಿ. ದಿಂಬು ಆರಿಸುವವರ ಹಾಗೆ ಸೊಂಟಪಟ್ಟಿಯ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಾರೆ. ಎರಡು ಸಲ ಕೂತು ಎದ್ದು, ಚೆನ್ನಾಗಿದೆ ಅಂತ ಬಿಲ್ ಮಾಡಿಸುತ್ತಾರೆ. ನಾನೂ ಮೊದಲ ಸಲ ಹೀಗೇ ಕೊಂಡಿದ್ದೆ. ಬಂಡೆಯ ಮೇಲೆ ಎರಡನೇ ದಿನದ ಹೊತ್ತಿಗೆ ಪಕ್ಕೆಯ ಚರ್ಮ ಕಿತ್ತು ಬಂದಿತ್ತು. ನಿಂತಾಗ ಯಾವ ಹಾರ್ನೆಸ್ಸಾದರೂ ಹಿತವಾಗಿಯೇ ಇರುತ್ತದೆ. ಆಗ ಭಾರ ಹೊರುವುದು ನಿಮ್ಮ ಕಾಲು, ಹಾರ್ನೆಸ್ ಅಲ್ಲ.

ನಾನು ಹೇಳುತ್ತಿರುವುದು ಬಿಗ್ ವಾಲ್ ಹತ್ತಲು ಬೇಕಾದ ಹಾರ್ನೆಸ್ ಬಗ್ಗೆ. ಬಿಗ್ ವಾಲ್ ಅಂದರೆ ಒಂದೇ ದಿನಕ್ಕೆ ಮುಗಿಯದ ದೊಡ್ಡ ಬಂಡೆಗೋಡೆ. ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಸುಮಾರು 900 ಮೀಟರ್ ಎತ್ತರ. ಅದರ 'ನೋಸ್' ದಾರಿಗೆ ಹೆಚ್ಚಿನವರು ಮೂರರಿಂದ ಐದು ದಿನ ತೆಗೆದುಕೊಳ್ಳುತ್ತಾರೆ. ಲೀಡರ್, ಅಂದರೆ ಮೊದಲು ಹತ್ತುವವರು, ಹಗ್ಗ ಹಾಯಿಸುವ ಸಲಕರಣೆಗಳನ್ನು (ಗೇರ್) ಬಂಡೆಗೆ ಒಂದೊಂದಾಗಿ ಸಿಕ್ಕಿಸುತ್ತಾ ಮೇಲೆ ಹೋಗುವಾಗ, ಕೆಳಗೆ ಹಗ್ಗ ಹಿಡಿದವರು ಎರಡು ಮೂರು ಗಂಟೆ ನೇತಾಡುತ್ತಲೇ ಇರಬೇಕು. ರಾತ್ರಿ ಪೋರ್ಟಾಲೆಡ್ಜ್ (ಗೋಡೆಗೆ ನೇತುಹಾಕುವ ಮಡಚು ಮಂಚ) ಮೇಲೆ ಮಲಗುವಾಗಲೂ ಹಾರ್ನೆಸ್ ಬಿಚ್ಚುವ ಹಾಗಿಲ್ಲ.

1958ರಲ್ಲಿ ನೋಸ್ ದಾರಿಯನ್ನು ಮೊದಲ ಸಲ ಹತ್ತಿದವರಿಗೆ ಇಂಥ ಸೌಕರ್ಯ ಇರಲಿಲ್ಲ. ಕೂರಲು ಬರುವಂಥ ಹಾರ್ನೆಸ್ ಚಾಲ್ತಿಗೆ ಬಂದದ್ದೇ ಆಮೇಲೆ. 1970ರ ಅನ್ನಪೂರ್ಣ ದಕ್ಷಿಣ ಮುಖದ ಯಾತ್ರೆಗಾಗಿ ಬ್ರಿಟಿಷ್ ಪರ್ವತಾರೋಹಿ ಡಾನ್ ವಿಲನ್ಸ್ ರೂಪಿಸಿದ್ದು ಹೆಸರಾಯಿತು. ಆದರೆ ಅವರು ಸಹಿಸಿಕೊಂಡರು ಅಂತ ನಾವೂ ಸಹಿಸಬೇಕಿಲ್ಲ, ಅಲ್ವಾ?

1. ಸರಿಯಾದ ಜಾತಿಯದನ್ನು ಎತ್ತಿಕೊಳ್ಳಿ. 300 ಗ್ರಾಂ ತೂಗುವ ಸ್ಪೋರ್ಟ್ ಹಾರ್ನೆಸ್ ಇಲ್ಲಿ ಬೇಡ. ಸೊಂಟಪಟ್ಟಿ ಅಗಲ ಇರಬೇಕು, ತೊಡೆಯ ಪಟ್ಟಿಗಳಿಗೆ ಬಕಲ್ ಇರಬೇಕು, ಸಲಕರಣೆ ತೂಗುಹಾಕುವ ಕುಣಿಕೆಗಳು (ಗೇರ್ ಲೂಪ್) ಜಾಸ್ತಿ ಇರಬೇಕು. ಹಿಂಭಾಗದ ಎಲಾಸ್ಟಿಕ್ ಪಟ್ಟಿಗಳು ಬಿಚ್ಚುವಂತಿರಲಿ. ಸೊಂಟಪಟ್ಟಿ ತೆಗೆಯದೆ ಶೌಚ ಮುಗಿಸಬೇಕಾಗುತ್ತದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬೆನ್ನ ಹಿಂದಿನ ಲೂಪ್ ಎಷ್ಟು ಭಾರ ತಡೆಯುತ್ತದೆ ಅಂತ ಕೈಪಿಡಿಯಲ್ಲಿ ಓದಿ. ಎಷ್ಟೋ ಹಾರ್ನೆಸ್‌ಗಳಲ್ಲಿ ಅದು ಹಗ್ಗ ಎಳೆದೊಯ್ಯಲು ಮಾತ್ರ, ಜೀವ ನೇತುಹಾಕಲು ಅಲ್ಲ.

2. ಅಳತೆ. ಗೋಡೆಯ ಮೇಲೆ ಹಾಕುವ ಬಟ್ಟೆಯನ್ನೇ ಹಾಕಿಕೊಂಡು ಹೋಗಿ. ಪಟ್ಟಿ ಸೊಂಟದ ಮೂಳೆಯ ಮೇಲ್ಗಡೆ ಕೂರಬೇಕು. ಬಿಗಿದ ಮೇಲೆ ಎರಡೂ ಕೈಯಲ್ಲಿ ಕೆಳಗೆ ಎಳೆಯಿರಿ. ಮೂಳೆ ದಾಟಿ ಜಾರಿದರೆ ಅದು ನಿಮ್ಮದಲ್ಲ. ಬಕಲಿನಲ್ಲಿ ಇನ್ನಷ್ಟು ಬಿಗಿಯಲೂ ಸಡಿಲಿಸಲೂ ಜಾಗ ಉಳಿದಿರಲಿ.

3. ನೇತಾಡಿ. ಅಂಗಡಿಯಲ್ಲಿ ಕೊಕ್ಕೆ ಇಲ್ಲದಿದ್ದರೆ ಕ್ಲೈಂಬಿಂಗ್ ಜಿಮ್ಮಿಗೆ ಒಯ್ಯಲು ಬಿಡಿ ಅಂತ ಕೇಳಿ. ಎರಡಕ್ಕೂ ಒಪ್ಪದಿದ್ದರೆ ಬೇರೆ ಕಡೆ ಕೊಳ್ಳಿ. ಒಂದು ನಿಮಿಷ ತೂಗಾಡಿ ಇಳಿದರೆ ಏನೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಬೇಕು. ಪಕ್ಕದಲ್ಲಿ ಒಬ್ಬರು ಇರಲಿ, ಕಾಲು ಆಡಿಸುತ್ತಿರಿ. ಅಲುಗಾಡದೆ ಸುಮ್ನೆ ಜೋತುಬಿದ್ದರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತಬಹುದು, ಪ್ರಜ್ಞೆಯೂ ತಪ್ಪಬಹುದು.

ಮೊದಲು ಕಾಲನ್ನು ಗೋಡೆಗೆ ಊರಿ ಕೂರಿ, ಆಮೇಲೆ ಕಾಲು ಬಿಟ್ಟು. ಭಾರದ ಹೆಚ್ಚಿನ ಪಾಲು ತೊಡೆಯ ಮೇಲೆ ಬೀಳಬೇಕು. ಸೊಂಟಪಟ್ಟಿಯ ಕೆಲಸ ನಿಮ್ಮನ್ನು ನೆಟ್ಟಗೆ ಹಿಡಿಯುವುದು, ಅಷ್ಟೇ. ಅದು ಪಕ್ಕೆಲುಬಿನವರೆಗೆ ಏರಿ ಉಸಿರು ಕಟ್ಟಿಸಿದರೆ ಪಟ್ಟಿ ಸಡಿಲ, ಇಲ್ಲವೇ ತೊಡೆಪಟ್ಟಿಗಳು ತೀರಾ ಕೆಳಗಿವೆ. ಸೊಂಟದಿಂದ ತೊಡೆಪಟ್ಟಿಗಿರುವ ಈ ಅಂತರವನ್ನು ಯಾರೂ ನೋಡುವುದಿಲ್ಲ. ಹಿಂದಿನ ಎಲಾಸ್ಟಿಕ್ ಎಳೆದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಭಾರ ಬೀಳುವುದು ಮುಂಭಾಗದಲ್ಲಿ, ಅಲ್ಲಿಯ ಉದ್ದವನ್ನು ಹೊಲಿದೇ ಕಳಿಸಿರುತ್ತಾರೆ. ಹೆಂಗಸರ ಮಾದರಿಗಳಲ್ಲಿ ಈ ಅಂತರ ಸಾಮಾನ್ಯವಾಗಿ ಜಾಸ್ತಿ. ನಿಮ್ಮ ಮೈಕಟ್ಟಿಗೆ ಹೊಂದಿದರೆ ಗಂಡಸರೂ ಅದನ್ನೇ ಕೊಳ್ಳಿ, ಬಣ್ಣ ನೋಡಿ ನಾಚಿಕೊಳ್ಳಬೇಡಿ.

ಐದು ನಿಮಿಷದಲ್ಲಿ ಕಾಲ್ಬೆರಳು ಜುಮ್ಮೆಂದರೆ ತೊಡೆಪಟ್ಟಿಯ ಒಳ ಅಂಚು ತೊಡೆಸಂದಿಯನ್ನು ಒತ್ತುತ್ತಿದೆ ಅಂತ ಅರ್ಥ. ಸಡಿಲಿಸಿ ನೋಡಿ. ಹೋಗದಿದ್ದರೆ ಬೇರೆ ಮಾದರಿ ನೋಡಿ, 'ಬಳಸುತ್ತಾ ಬಳಸುತ್ತಾ ಒಗ್ಗುತ್ತದೆ' ಅನ್ನುವ ಮಾತನ್ನು ನಂಬಬೇಡಿ. ಈಗ ಸೊಂಟಪಟ್ಟಿಯ ಮೇಲಂಚು, ಕೆಳಂಚು ಎರಡರ ಉದ್ದಕ್ಕೂ ಬೆರಳಾಡಿಸಿ. ಒಂದೇ ಅಂಚು ಮೈಗೆ ಕಚ್ಚಿದ್ದರೆ ಪಟ್ಟಿಯ ಆಕಾರ ನಿಮಗೆ ಹೊಂದುತ್ತಿಲ್ಲ. ಎಷ್ಟು ಬಿಗಿದರೂ ಅದು ಸರಿಹೋಗದು.

ಇಳಿದ ಮೇಲೆ ಅಂಗಿ ಎತ್ತಿ ಚರ್ಮ ನೋಡಿಕೊಳ್ಳಿ. ಅಗಲಕ್ಕೆ ತೆಳುವಾಗಿ ಕೆಂಪಾಗಿದ್ದರೆ ಒಳ್ಳೆಯದು. ದಾರದಿಂದ ಕಟ್ಟಿದ ಹಾಗೆ ಕೆಂಪು ಗೆರೆ ಮೂಡಿದ್ದರೆ, ಮೂರನೇ ದಿನ ಅಲ್ಲೇ ಹುಣ್ಣಾಗುವುದು. ದಪ್ಪ ಸ್ಪಂಜಿನ ಹಾರ್ನೆಸ್‌ಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಮೆತ್ತೆ ಅಮುಕಿಹೋಗಿ, ಒಳಗಿನ ಕಿರಿದಾದ ಪಟ್ಟಿ ಸೀದಾ ಮೈಗೆ ತಾಗುತ್ತದೆ. ನನ್ನ ಮಟ್ಟಿಗೆ ತೆಳುವಾದರೂ ಅಗಲವಾದ, ಕೊಂಚ ಗಡಸು ಪಟ್ಟಿಯೇ ವಾಸಿ. ಮನೆಯಲ್ಲಿ ಸೂಜಿ ಹಿಡಿದು ಮೆತ್ತೆ ಸೇರಿಸುವ ಸಾಹಸ ಮಾತ್ರ ಬೇಡ. ಭಾರ ಹೊರುವ ಪಟ್ಟಿಗೆ ತೂತು ಬಿದ್ದರೆ ಹಾರ್ನೆಸ್ ಕೆಟ್ಟ ಹಾಗೇ.

4. ಭಾರ ಹೇರಿ ನಡೆಯಿರಿ. ಗೇರ್ ಲೂಪ್‌ಗಳಿಗೆ ಏಳೆಂಟು ಕಿಲೋ ತೂಗುಹಾಕಿ, ಮಂಡಿ ಎದೆಯವರೆಗೆ ಎತ್ತಿ. ಪಟ್ಟಿ ಕೆಳಗೆ ಜಗ್ಗಿದರೆ ಗೇರ್ ಸ್ಲಿಂಗ್, ಅಂದರೆ ಸಲಕರಣೆ ತೂಗುಹಾಕುವ ಪಟ್ಟಿ, ಎದೆಗೆ ಹಾಕಿಕೊಳ್ಳಬೇಕಾಗುತ್ತದೆ. ಪಕ್ಕಕ್ಕೆ ಮಲಗಿಯೂ ನೋಡಿ, ಬಕಲ್ ಸೊಂಟಕ್ಕೆ ಚುಚ್ಚಬಾರದು.

ಇನ್ನೊಬ್ಬರು ಬಳಸಿದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಸೊಂಟಪಟ್ಟಿಯನ್ನೂ ತೊಡೆಪಟ್ಟಿಗಳನ್ನೂ ಮುಂದುಗಡೆ ಸೇರಿಸುವ ಕುಣಿಕೆಗೆ ಬಿಲೇ ಲೂಪ್ ಅನ್ನುತ್ತಾರೆ. ಹೊಸದಾದರೆ ಅದು 15 ಕಿಲೋನ್ಯೂಟನ್ (ಸುಮಾರು ಒಂದೂವರೆ ಟನ್ ಭಾರ) ತಡೆಯಬೇಕು ಅಂತ ಯುರೋಪಿನ ಮಾನದಂಡವಿದೆ. ಸವೆದದ್ದು ಎಷ್ಟು ತಡೆಯುತ್ತದೆ ಅಂತ ನೋಡಿ ಹೇಳಲಾಗದು. 2006ರಲ್ಲಿ ಯೊಸೆಮಿಟಿಯ ಲೀನಿಂಗ್ ಟವರಿನಲ್ಲಿ ನುರಿತ ಕ್ಲೈಂಬರ್ ಟಾಡ್ ಸ್ಕಿನ್ನರ್ ತೀರಿಕೊಂಡದ್ದು ಸವೆದ ಬಿಲೇ ಲೂಪ್ ತುಂಡಾಗಿ. ನಿಮ್ಮದರ ಅಂಚಿನಲ್ಲಿ ನೂಲು ಎದ್ದ ದಿನವೇ ಬದಲಿಸಿ.

ಇಷ್ಟೆಲ್ಲ ನೋಡಿ ಕೊಂಡರೂ ಮೂರನೇ ಗಂಟೆಗೆ ತೊಡೆ ನೋಯುತ್ತದೆ. ಅದಕ್ಕೇ ಬಿಲೇ ಸೀಟ್, ಅಂದರೆ ಹಗ್ಗ ಹಿಡಿದು ಕಾಯುವಾಗ ಕೂರುವ ಹಲಗೆ, ಒಯ್ಯಿರಿ. ಪ್ಲೈವುಡ್ ಹಲಗೆಯ ನಾಲ್ಕು ಮೂಲೆಗೆ ತೂತು ಕೊರೆದು, ಹಗ್ಗ ಪೋಣಿಸಿ, ಆಂಕರಿಗೆ (ಬಂಡೆಗೆ ಭದ್ರವಾಗಿ ಬಿಗಿದ ಆಸರೆ) ಸಿಕ್ಕಿಸಿದರಾಯಿತು. ಅದು ಕೂರಲು ಮಾತ್ರ. ಹಲಗೆ ಮೇಲೆ ಕೂತಾಗಲೂ ಹಾರ್ನೆಸ್‌ನಿಂದ ಆಂಕರಿಗೆ ಬೇರೆಯೇ ಹಗ್ಗ ಕಟ್ಟಿರಬೇಕು.