ತುಮಕೂರಲ್ಲಿ ಮನೆ ಬಾಡಿಗೆಗೆ ಕೊಡೋರು ಅಡ್ವಾನ್ಸ್ ಇಸ್ಕೊಳೋಕ್ ಮುಂಚೆ ಇಷ್ಟ್ ನೋಡ್ಕೊಳಿ

ಟು-ಲೆಟ್ ಬೋರ್ಡ್ ಹಾಕಿದ ದಿನಾನೇ ಯಾರೋ ಬಂದು "ಸಾರ್, ಈಗ್ಲೇ ಅಡ್ವಾನ್ಸ್ ಕೊಟ್ಬಿಡ್ತೀನಿ, ಕೀ ಕೊಡಿ" ಅಂದ್ರೆ ದುಡ್ಡು ಮುಟ್ಬೇಡಿ, ಎರಡು ದಿನ ಟೈಮ್ ಕೇಳಿ. ಎಸ್‌ಐಟಿ (ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜ್) ಕಡೆ ಕಾಲೇಜ್ ಹುಡುಗ್ರು, ಕ್ಯಾತ್ಸಂದ್ರ ಬಟವಾಡಿ ಕಡೆ ಬೆಂಗಳೂರಿಗೆ ದಿನಾ ಹೋಗ್ಬರೋರು, ವಸಂತನರಸಾಪುರದ ಫ್ಯಾಕ್ಟರಿ ಕೆಲಸದವರು, ಮನೆ ಹುಡ್ಕೋರು ಇದ್ದೇ ಇರ್ತಾರೆ, ಒಂದ್ ವಾರ ಖಾಲಿ ಬಿದ್ದಿದ್ರೂ ನಷ್ಟ ಏನಿಲ್ಲ.

ಆಧಾರ್ ಜೆರಾಕ್ಸ್ ಎಲ್ರೂ ಇಸ್ಕೋತಾರೆ, ಅದ್ರ ಜೊತೆಗೆ ಕಂಪನಿ ಐಡಿ, ಬಾಡಿಗೆ ಕಟ್ಟಿರೋ ಹಳೇ ಫೋನ್‌ಪೇ ಹಿಸ್ಟರಿನೂ ತೋರಿಸಿ ಅನ್ನಿ. ಎಲ್ಲಕ್ಕಿಂತ ಮುಖ್ಯ ಹಳೇ ಓನರ್ ಹತ್ರ ಮಾತಾಡೋದು. ಈಗಿರೋ ಮನೆ ಓನರ್ ಒಬ್ರನ್ನೇ ಕೇಳ್ಬೇಡಿ, ಅವ್ರಿಗೆ ಖಾಲಿ ಮಾಡ್ಸಿದ್ರೆ ಸಾಕಾಗಿದ್ರೆ ಒಳ್ಳೇದೇ ಹೇಳ್ತಾರೆ, ಅದಕ್ಕೂ ಹಿಂದಿನ ಓನರ್ ನಂಬರ್ ಇಸ್ಕೊಂಡು "ಅವ್ರು ವಾಪಸ್ ಬಂದ್ರೆ ಮನೆ ಕೊಡ್ತೀರಾ" ಅಂತ ಕೇಳಿ. ಅವ್ರು ಉತ್ತರ ಹೇಳೋಕೆ ಎಷ್ಟೊತ್ ತಗೋತಾರೆ ಅನ್ನೋದ್ರಲ್ಲೇ ಅರ್ಧ ಗೊತ್ತಾಗತ್ತೆ. ಜಾತಿ, ಊಟ ಏನು ಮಾಡ್ತೀರ ಅಂತೆಲ್ಲ ದಯವಿಟ್ಟು ಕೇಳ್ಬೇಡಿ, ಬಾಡಿಗೆ ಟೈಮಿಗೆ ಬರೋದಕ್ಕೂ ಅದಕ್ಕೂ ಸಂಬಂಧನೇ ಇಲ್ಲ, ಮನೆ ಹುಡ್ಕೋರ ಮನಸಿಗೆ ಎಷ್ಟ್ ನೋವಾಗತ್ತೆ ಗೊತ್ತಾ.

ಕರೆಂಟ್ ವಿಷಯ ಮೊದ್ಲೇ ಬಿಡಿಸಿ ಹೇಳ್ಬಿಡಿ, ಜಗಳ ಶುರುವಾಗೋದೇ ಅಲ್ಲಿ. ಗೃಹಜ್ಯೋತಿ (200 ಯೂನಿಟ್ ಒಳಗಿದ್ರೆ ಸಿಗೋ ಸರ್ಕಾರದ ಫ್ರೀ ಕರೆಂಟ್) ಬಾಡಿಗೆದಾರರಿಗೂ ಸಿಗತ್ತೆ, ಆದ್ರೆ ನಿಮ್ ಮನೆ ಆರ್‌ಆರ್ ನಂಬರ್‌ಗೆ (ಕರೆಂಟ್ ಬಿಲ್ಲಲ್ಲಿರೋ ಕನೆಕ್ಷನ್ ನಂಬರ್) ಹಿಂದೆ ಇದ್ದೋರ ಆಧಾರ್ ಲಿಂಕ್ ಆಗಿದ್ರೆ ಅದನ್ನ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿ ಡಿ-ಲಿಂಕ್ ಮಾಡಿಸ್ಬೇಕು, ಇಲ್ಲಾಂದ್ರೆ ಹೊಸಬರ ಅರ್ಜಿ ಹೋಗಲ್ಲ, ಖಾಲಿ ಮಾಡೋರ ಕೈಲಿ ಹೋಗೋ ಮುಂಚೆನೇ ಮಾಡ್ಸಿ. ಮೇಲ್ಮನೆ ಕೆಳಮನೆ ಎರಡಕ್ಕೂ ಒಂದೇ ಮೀಟರ್ ಇದ್ರೆ 200 ಯೂನಿಟ್ ಬೇಗ ದಾಟತ್ತೆ, ದಾಟಿದ್ರೆ ಪೂರ್ತಿ ಬಿಲ್ ಬರತ್ತೆ, ಆಮೇಲೆ ಯಾರು ಎಷ್ಟು ಕೊಡ್ಬೇಕು ಅಂತ ಮಾತು ಬೆಳೆಯತ್ತೆ. ಖರ್ಚಾದ್ರೂ ಬೆಸ್ಕಾಂನಲ್ಲಿ ಬೇರೆ ಮೀಟರ್ ಹಾಕಿಸ್ಕೊಳಿ. ನೀರೂ ಅಷ್ಟೇ, ಪಾಲಿಕೆ ನೀರು ಯಾವತ್ ಬರತ್ತೆ, ಸಂಪು ಯಾರ್ಯಾರಿಗೆ, ಬೇಸಿಗೇಲಿ ಟ್ಯಾಂಕರ್ ದುಡ್ಡು ಯಾರದು, ಎಲ್ಲಾ ಮುಂಚೇನೆ ಮಾತಾಡಿ.

ಅಗ್ರಿಮೆಂಟ್ 11 ತಿಂಗಳಿಗೆ ಮಾಡೋದು ಯಾಕಂದ್ರೆ ಒಂದ್ ವರ್ಷ ಮೀರಿದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಇ-ಸ್ಟಾಂಪ್ ಅಂಗಡಿಯವ್ರು ಕೊಡೋ ರೆಡಿ ಮ್ಯಾಟರ್‌ಗೆ ಹಾಗೇ ಸೈನ್ ಹಾಕ್ಬೇಡಿ, ಬಾಡಿಗೆ ಎಷ್ಟನೇ ತಾರೀಖು, ನೋಟಿಸ್ ಎಷ್ಟು ದಿನ, ಪೇಂಟಿಂಗ್‌ಗೆ ಎಷ್ಟು ಹಿಡ್ಕೊತೀರ, ಎಷ್ಟ್ ಜನ ಇರ್ತಾರೆ, ಇದನ್ನ ಬರೆಸಿ. 11 ತಿಂಗಳಾದ್ಮೇಲೆ ರಿನ್ಯೂ ಮಾಡೋದು ಸುಮಾರು ಜನ ಮರೀತಾರೆ, ಫೋನಲ್ಲಿ ರಿಮೈಂಡರ್ ಇಟ್ಕೊಳಿ.

ಕೀ ಕೊಡೋ ದಿನ ಇಬ್ರೂ ಒಟ್ಟಿಗೆ ಮನೆ ಸುತ್ತಿ ಮೊಬೈಲಲ್ಲಿ ವಿಡಿಯೋ ಮಾಡಿ, ಬಚ್ಚಲಿನ ಒಡೆದ ಟೈಲ್ಸು, ತೊಟ್ಟಿಕ್ಕೋ ನಲ್ಲಿ, ಮೀಟರ್ ರೀಡಿಂಗ್, ಏನೂ ಬಿಡ್ಬೇಡಿ, ಅವ್ರ ವಾಟ್ಸಾಪ್‌ಗೂ ಕಳ್ಸಿ. ಬಾಡಿಗೆ ಯುಪಿಐಲೇ ಇಸ್ಕೊಳಿ, ಇಬ್ರಿಗೂ ದಾಖಲೆ ಇರತ್ತೆ. ರಿಪೇರಿ ಅಂತ ಫೋನ್ ಬಂದ್ರೆ ತಡ ಮಾಡ್ಬೇಡಿ, ಮೋಟಾರ್ ಕೆಟ್ಟು ಚಿಕ್ಕ ಮಕ್ಳಿರೋ ಮನೇಲಿ ಎರಡು ದಿನ ನೀರಿಲ್ದೆ ಕೂರ್ಸೋದು ತಪ್ಪು. ಬಾಡಿಗೆ ಕೊಡದೆ ಸತಾಯಿಸ್ತಿದ್ರೂ ಕರೆಂಟ್ ನೀರು ಕಟ್ ಮಾಡೋದು, ಬೀಗ ಜಡಿಯೋದು ಮಾಡ್ಬೇಡಿ, ಕಾನೂನು ನಿಮ್ ಮೇಲೇ ತಿರುಗತ್ತೆ, ವಕೀಲರ ಕಡೆಯಿಂದ ನೋಟಿಸ್ ಕಳ್ಸಿ.

ಖಾಲಿ ಮಾಡೋ ದಿನ ಅದೇ ವಿಡಿಯೋ ಮುಂದಿಟ್ಕೊಂಡು ಲೆಕ್ಕ ಹಾಕಿ ಉಳಿದ ಅಡ್ವಾನ್ಸ್ ಅವತ್ತೇ ಕೊಟ್ಬಿಡಿ, ಮುಂದಿನ ಮನೆಗೆ ಅವ್ರು ಕಟ್ಬೇಕಿರೋದು ಅದೇ ದುಡ್ಡು.