ಹಳೇ ಚಿರೆಕಲ್ಲು ಗೋಡೆಗೆ ಪ್ಯಾನೆಲ್ ಹೊಡೆಸುವ ಮೊದಲು

ಕಾರವಾರದ ನಮ್ಮ ಮನೆ ಹಳೇದು. ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನ, ಅಂದರೆ ಕೆಂಪು ಮುರಕಲ್ಲಿನ ಗೋಡೆ. ಸಮುದ್ರದ ಕಡೆಯ ಕೋಣೆಗೆ ಎಸಿ ಹಾಕಿಸಿದಾಗ ತಂಪು ಹೊರಗೆ ಹೋಗಬಾರದು ಅಂತ ಗೋಡೆಗೆ ಮರದ ರೀಪು ಹೊಡೆಸಿ, ನಡುವೆ ಥರ್ಮೋಕೋಲ್ ಇಟ್ಟು, ಮೇಲೆ ಪಿವಿಸಿ ಪ್ಯಾನೆಲ್ ಕೂರಿಸಿದೆವು. ಶ್ರಾವಣದ ಹೊತ್ತಿಗೆ ಒದ್ದೆ ಗೋಣಿಚೀಲದ ವಾಸನೆ. ಒಂದು ಪ್ಯಾನೆಲ್ ಕಿತ್ತು ನೋಡಿದರೆ ಬೆನ್ನಿಗೆ ಹನಿ ಹನಿ ನೀರು, ಥರ್ಮೋಕೋಲ್ ಮೇಲೆ ಕಪ್ಪು ಬೂಸ್ಟು, ರೀಪಿಗೆ ಒರಲೆ. ‘ಎಲ್ಲೋ ಸೋರ್ತಾ ಇರಬೇಕು’ ಅಂದರು ಕೆಲಸ ಮಾಡಿದವರು. ಎಲ್ಲೂ ಸೋರುತ್ತಿರಲಿಲ್ಲ.

ಆಗಿದ್ದು ಇಷ್ಟು. ಚಿರೆಕಲ್ಲು ತೂತು ತೂತು ಕಲ್ಲು, ಮಳೆಗೆ ಕುಡಿದು ಬಿಸಿಲಿಗೆ ಬಿಡುತ್ತದೆ. ಹೊರಗೆ 28 ಡಿಗ್ರಿ, ತೇವಾಂಶ ಶೇ 90 ಇದ್ದಾಗ ಆ ಗಾಳಿಯ ತೇವ 26 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರಾಗುತ್ತದೆ. ನಮ್ಮ ಎಸಿ 23ರಲ್ಲಿತ್ತು. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೇ ಪ್ಯಾನೆಲ್‌ನ ಬೆನ್ನು ಬೆವರಿದೆ. ಪ್ಲಾಸ್ಟಿಕ್ ಅಡ್ಡ ಇದ್ದರೆ ಆ ನೀರು ಆರುವುದು ಎಲ್ಲಿಂದ? ಚಳಿ ದೇಶದ ವಿಡಿಯೊ ನೋಡಿ ಒಳಗೋಡೆಗೆ ಪ್ಲಾಸ್ಟಿಕ್ ಹಾಳೆ ಬಡಿಸಬೇಡಿ. ಅಲ್ಲಿ ತೇವ ಒಳಗಿಂದ ಹೊರಗೆ ಹೋಗುತ್ತದೆ, ನಮ್ಮ ಎಸಿ ಕೋಣೆಗೆ ಹೊರಗಿಂದ ಒಳಗೆ ಬರುತ್ತದೆ.

ಮೊದಲು ಒಂದು ಪರೀಕ್ಷೆ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರಿದ್ದರೆ ತೇವ ಗೋಡೆಯದ್ದು. ಕೋಣೆಯ ಕಡೆ ಇದ್ದರೆ ಗಾಳಿಯದ್ದು.

ಗೋಡೆಯದ್ದೇ ಆದರೆ ಮಳೆ ಸುರಿಯುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯಾ? ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವಾಗ ಇಳಿಜಾರು ಮನೆಯ ಕಡೆಗೇ ಆಗಿದೆಯಾ? ನಮ್ಮದು ಹಾಗೇ ಆಗಿತ್ತು. ಪಡುವಣ ಗೋಡೆಗೆ ಹಿಂದೆ ಮಳೆಗಾಲದಲ್ಲಿ ತಟ್ಟಿ ಕಟ್ಟುತ್ತಿದ್ದರು, ಚಂದ ಕಾಣಲ್ಲ ಅಂತ ನಾವೇ ಬಿಟ್ಟಿದ್ದೆವು. ಆಯಿ ಪ್ರತಿ ವರ್ಷ ಬೈಯುತ್ತಿದ್ದಳು.

ಆಮೇಲೆ ಗೋಡೆಗಿರುವ ಹಳೇ ಸಿಮೆಂಟ್ ಪ್ಲಾಸ್ಟರ್ ನೋಡಿ. ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಬಿಳಿ ಉಪ್ಪು ಉಕ್ಕಿದ್ದರೆ ಕಿತ್ತುಹಾಕಿ. ಇದಕ್ಕೆ ದೀಪಾವಳಿ ಕಳೆದ ಮೇಲಿನ ದಿನಗಳೇ ಸರಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಮೂರ್ನಾಲ್ಕು ತಿಂಗಳು ಗೋಡೆ ಬರಿಮೈಯಲ್ಲಿ ಆರಲಿ, ನೆಂಟರು ಬಂದರೆ ಬರಲಿ. ನಂತರ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ಮೇಲೆ ಸುಣ್ಣವೇ. ಮರಳು ಸಮುದ್ರದ್ದು ಬೇಡ, ವಾಟರ್‌ಪ್ರೂಫ್ ಪೇಂಟ್ ಅಂತೂ ಬೇಡವೇ ಬೇಡ.

ಇಷ್ಟಾದ ಮೇಲೂ ಸೆಕೆ ಅಂದರೆ ಗೋಡೆ ಬಿಟ್ಟು ಮೇಲೆ ನೋಡಿ. ಸೆಕೆ ಜಾಸ್ತಿ ಒಳಗೆ ಬರುವುದು ಮಾಡಿನಿಂದ. ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸಿ. ಹಂಚಿಗೂ ಮುಚ್ಚಿಗೆಗೂ ನಡುವೆ ಗಾಳಿ ಆಡಲು ಜಾಗ ಬೇಕು, ಇಲ್ಲವಾದರೆ ಅಲ್ಲೂ ಅದೇ ಬೂಸ್ಟು. ಎಸಿ ಬೇಕೇ ಬೇಕಾದರೆ 26ರಿಂದ ಕೆಳಗಿಳಿಸಬೇಡಿ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳಷ್ಟು ಜಾಗ ಬಿಡಿ.